ಆರ್ಕ್ಟಿಕ್‌ಗೆ ಸಣ್ಣ ಹಡಗಿನಲ್ಲಿ: ಎಷ್ಟು ಜನರ ಹಡಗು, ಯಾವ ಕಡೆ, ಯಾವ ತಿಂಗಳು?

ನಾವು ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳಿಗೆ ಹೋಗಿ ಬಂದ ಮೇಲೆ ಮನೆಗೆ ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ, "ಹಿಮಕರಡಿ ಕಂಡಿತಾ?" ಎರಡನೆಯದು, "ಎಷ್ಟು ಖರ್ಚಾಯ್ತು?" ನಿಜವಾಗಿ ಹೋಗಲು ಮನಸ್ಸು ಮಾಡಿದವರು ಮಾತ್ರ ಮೂರನೆಯದನ್ನು ಕೇಳುತ್ತಾರೆ: "ಇಷ್ಟೊಂದು ಹಡಗುಗಳಲ್ಲಿ ಯಾವುದನ್ನ ಆರಿಸೋದು?" ಪ್ರಶ್ನೆ ಸರಿಯಾಗಿಯೇ ಇದೆ. ಕಂಪನಿಗಳ ಬ್ರೋಷರ್ ನೋಡಿದರೆ ಎಲ್ಲದರಲ್ಲೂ ಅದೇ ಕರಡಿ, ಅದೇ ನೀಲಿ ಮಂಜುಗಡ್ಡೆ, ಅದೇ ಕೆಂಪು ಜಾಕೆಟ್. ದರ ಮಾತ್ರ ಒಂದಕ್ಕೆ ಮೂರು ಪಟ್ಟು.

ಹೋಗುವ ಮೊದಲು ನಾನೂ ಆರು ತಿಂಗಳು ಎಕ್ಸೆಲ್ ಶೀಟ್ ಮಾಡಿಕೊಂಡು ಕೂತಿದ್ದೆ. ಕ್ಯಾಬಿನ್ ಎಷ್ಟು ಚದರಡಿ, ಬಾಲ್ಕನಿ ಇದೆಯಾ, ಸೌನಾ ಇದೆಯಾ. ಹೋಗಿ ಬಂದ ಮೇಲೆ ಆ ಕಾಲಂಗಳೆಲ್ಲ ದಂಡ ಅನ್ನಿಸಿತು. ಈಗ ಯಾರಾದರೂ ಕೇಳಿದರೆ ಒಂದೇ ಲೆಕ್ಕ ಹೇಳುತ್ತೇನೆ: ದಿನಕ್ಕೆ ಎಷ್ಟು ಗಂಟೆ ಹಡಗಿನಿಂದ ಹೊರಗೆ ಇರ್ತೀರಿ? ಉಳಿದದ್ದೆಲ್ಲ ಆಮೇಲೆ.

ಎಷ್ಟು ಜನರ ಹಡಗು?

ಎಕ್ಸ್‌ಪೆಡಿಷನ್ ಹಡಗು ಅಂದರೆ ಈಜುಕೊಳ, ಡಾನ್ಸ್ ಶೋ ಇರುವ ತೇಲುವ ಹೋಟೆಲ್ ಅಲ್ಲ. ಇಲ್ಲಿ ಬಂದರು ಅನ್ನುವುದೇ ಅಪರೂಪ. ಹಡಗು ದಡದಿಂದ ದೂರ ನಿಲ್ಲುತ್ತದೆ. ನೀವು ಪಕ್ಕದ ಏಣಿಯಲ್ಲಿ ಇಳಿದು ಝೋಡಿಯಾಕ್ ಅನ್ನುವ ಗಾಳಿ ತುಂಬಿದ ರಬ್ಬರ್ ದೋಣಿ ಹತ್ತಬೇಕು. ಒಂದು ದೋಣಿಗೆ ಸುಮಾರು ಹತ್ತು ಜನ. ದಡಕ್ಕೆ ಹೋದರೆ ಮೊಣಕಾಲವರೆಗಿನ ರಬ್ಬರ್ ಬೂಟಿನಲ್ಲಿ ನೀರಿಗೇ ಇಳಿಯಬೇಕು. ಹವಾಮಾನ ಸರಿ ಇದ್ದರೆ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ.

ಈಗ ಲೆಕ್ಕ ಹಾಕಿ. 100 ಜನರ ಹಡಗಿನಲ್ಲಿ ಎಲ್ಲರೂ ಒಟ್ಟಿಗೆ ಹೊರಡಬಹುದು. 180 ಜನರ ಹಡಗಿನಲ್ಲಿ ಸಾಮಾನ್ಯವಾಗಿ ಅರ್ಧ ಜನ ದಡದಲ್ಲಿ, ಇನ್ನರ್ಧ ಜನ ದೋಣಿಯಲ್ಲಿ ಸುತ್ತು, ಆಮೇಲೆ ಅದಲು ಬದಲು. ದೋಣಿ ಸುತ್ತಾಟಕ್ಕೆ ಅವಕಾಶ ಇಲ್ಲದ ದಿನ ನಿಮ್ಮ ಸರದಿ ಬರುವವರೆಗೆ ಲೌಂಜ್‌ನಲ್ಲಿ ಜಾಕೆಟ್ ಹಾಕಿಕೊಂಡು ಬೆವರುತ್ತಾ ಕೂರಬೇಕು. 300 ಜನರ ಹಡಗಾದರೆ ಆ ಕಾಯುವಿಕೆ ಇನ್ನೂ ಜಾಸ್ತಿ. ಸ್ವಾಲ್ಬಾರ್ಡ್‌ನ ಸಂರಕ್ಷಿತ ಪ್ರದೇಶಗಳಿಗಂತೂ ಅಂಥ ಹಡಗು ಹೋಗುವಂತೆಯೇ ಇಲ್ಲ. 2025ರ ಜನವರಿ 1ರಿಂದ ಅಲ್ಲಿ 200ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿಗೆ ಪ್ರವೇಶವಿಲ್ಲ. ದಡಕ್ಕೆ ಇಳಿಯುವುದಕ್ಕೂ ಆ ಪ್ರದೇಶಗಳಲ್ಲಿ 43 ಜಾಗಗಳನ್ನು ಮಾತ್ರ ಗುರುತಿಸಿದ್ದಾರೆ. ಹಾಗಾಗಿ ಸ್ವಾಲ್ಬಾರ್ಡ್‌ಗೆ ಹೋಗುವ ದೊಡ್ಡ ಕ್ರೂಸ್ ಅಗ್ಗವಾಗಿ ಸಿಕ್ಕಿತು ಅಂತ ಯಾರಾದರೂ ಖುಷಿಪಟ್ಟರೆ ಮೊದಲು ಜನರ ಸಂಖ್ಯೆ ಕೇಳಿ.

ಇನ್ನೊಂದು ತುದಿಯಲ್ಲಿ 12 ಜನರ ಪುಟ್ಟ ಹಡಗುಗಳಿವೆ. ಹನ್ನೆರಡೇ ಯಾಕೆ? 12ಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಹತ್ತಿಸಿಕೊಂಡರೆ ಅಂತರರಾಷ್ಟ್ರೀಯ ನಿಯಮದಲ್ಲಿ ಅದು 'ಪ್ರಯಾಣಿಕ ಹಡಗು' ಆಗುತ್ತದೆ, ಸುರಕ್ಷತೆಯ ಕಾನೂನುಗಳೆಲ್ಲ ಬಿಗಿಯಾಗುತ್ತವೆ. ಫೋಟೋಗ್ರಫಿ ಹುಚ್ಚಿರುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ವಾಲ್ರಸ್ ಕಂಡರೆ ಮೂರು ಗಂಟೆ ಅಲ್ಲೇ ನಿಲ್ಲಬಹುದು, ಯಾರೂ ಊಟದ ಗಂಟೆ ಬಾರಿಸುವುದಿಲ್ಲ. ಆದರೆ ದರ ಜಾಸ್ತಿ, ಅಲೆಗೆ ಓಲಾಟ ಜಾಸ್ತಿ, ಡಾಕ್ಟರ್ ಇರುವ ಗ್ಯಾರಂಟಿ ಇಲ್ಲ. ಜತೆಗೆ ಬರುವ ಹನ್ನೊಂದು ಜನರಲ್ಲಿ ಒಬ್ಬ ಕಿರಿಕಿರಿ ಆಸಾಮಿ ಇದ್ದರೆ ಹತ್ತು ದಿನವೂ ಅವನ ಜೊತೆಗೇ ಊಟ.

ನಡುವೆ 20-30 ಜನರ ಹಾಯಿ ಹಡಗುಗಳೂ ಇವೆ. 'ನೂರ್ಡರ್‌ಲಿಖ್ಟ್' ಅನ್ನುವ ಹಾಯಿ ಕಟ್ಟುವ ಎರಡು ಕಂಬಗಳಿರುವ ಸ್ಕೂನರ್ ಕಟ್ಟಿದ್ದು 1910ರಲ್ಲಿ. ಇಂಥ ಹಡಗಿನಲ್ಲಿ ಇಂಜಿನ್ ಆಫ್ ಮಾಡಿದಾಗ ಸಿಗುವ ಮೌನಕ್ಕೆ ದುಡ್ಡು ಕೊಡಬಹುದು. ಆದರೆ ಕ್ಯಾಬಿನ್ ಅಂದರೆ ರೈಲಿನ ಸ್ಲೀಪರ್ ಬರ್ತ್‌ಗಿಂತ ಸ್ವಲ್ಪ ವಾಸಿ, ಅಷ್ಟೇ. ಅರವತ್ತು ದಾಟಿದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಬೇಡ.

ನಮ್ಮದು ನೂರು ಚಿಲ್ಲರೆ ಜನರ ಹಡಗು. ಈ ವರ್ಗದಲ್ಲಿ ಹೊಸ ಹಡಗುಗಳ ಜೊತೆ ಹಳೆಯವೂ ಓಡುತ್ತವೆ. ಉದಾಹರಣೆಗೆ 'ಪ್ಲಾನ್ಸಿಯಸ್' 1976ರಲ್ಲಿ ಡಚ್ ನೌಕಾಪಡೆಯ ಸಂಶೋಧನಾ ಹಡಗಾಗಿ ಕಟ್ಟಿದ್ದು, ಈಗ ಪ್ರವಾಸಿಗರನ್ನು ಕರೆದೊಯ್ಯುತ್ತದೆ. ಮತ್ತೆ ಹೋದರೂ ಇದೇ ಗಾತ್ರ ಆರಿಸುತ್ತೇನೆ. ಡಾಕ್ಟರ್ ಇರುತ್ತಾರೆ, ಹತ್ತಾರು ಗೈಡ್‌ಗಳಿರುತ್ತಾರೆ, ಕಾಯುವುದು ಕಡಿಮೆ. ದಡಕ್ಕೆ ಹೋದ ಮೇಲೆ ಜೋರಾಗಿ ನಡೆಯುವವರು, ಸಾಧಾರಣ ನಡೆಯುವವರು, ಹೂವು ನೋಡುತ್ತಾ ನಿಲ್ಲುವವರು ಅಂತ ಮೂರು ಗುಂಪು ಮಾಡುತ್ತಾರೆ. ನನ್ನ ಹೆಂಡತಿ ಮೊದಲನೆಯದರಲ್ಲಿ, ನಾನು ಮೂರನೆಯದರಲ್ಲಿ. ಮದುವೆಯಾಗಿ ಇಪ್ಪತ್ತೆಂಟು ವರ್ಷದ ನಂತರ ಸಿಕ್ಕ ದೊಡ್ಡ ಸೌಕರ್ಯ ಅದು.

ಇಳಿಯುವ ಮೊದಲು ಗೈಡ್‌ಗಳು ರೈಫಲ್ ಹಿಡಿದು ದಡಕ್ಕೆ ಹೋಗಿ, ಸುತ್ತ ಕರಡಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಎತ್ತರದ ಜಾಗಗಳಲ್ಲಿ ಕಾವಲು ನಿಲ್ಲುತ್ತಾರೆ. ಅದು ತಮಾಷೆಗಲ್ಲ. ಬೂಟಂತೂ ಹೋಗುವಾಗಲೂ ತಿಕ್ಕಬೇಕು, ಬರುವಾಗಲೂ ತಿಕ್ಕಬೇಕು. ಹೊರಗಿನ ಬೀಜ ಅಲ್ಲಿನ ಮಣ್ಣಿಗೆ ಬೀಳಬಾರದು ಅಂತ ಬ್ಯಾಗಿನ ಜೇಬುಗಳಿಗೂ ವ್ಯಾಕ್ಯೂಮ್ ಹಿಡಿಯುತ್ತಾರೆ. ನನಗೆ ನಮ್ಮಜ್ಜಿಯ ಮಡಿ ನೆನಪಾಯಿತು.

ಯಾವ ಕಡೆ?

ಮೊದಲ ಸಲ ಹೋಗುವವರಿಗೆ ಸ್ವಾಲ್ಬಾರ್ಡ್ ಅಂತ ಕಣ್ಣುಮುಚ್ಚಿ ಹೇಳುತ್ತೇನೆ. ನಾರ್ವೆಗೆ ಸೇರಿದ ದ್ವೀಪಗಳ ಗುಂಪು. ಊರು ಲಾಂಗ್‌ಯೀರ್‌ಬ್ಯೂನ್, 78 ಡಿಗ್ರಿ ಉತ್ತರ. ಇಷ್ಟು ಉತ್ತರದಲ್ಲಿ ದಿನನಿತ್ಯದ ವಿಮಾನ ಇಳಿಯುವ ಊರು ಬೇರೆ ಎಲ್ಲಿದೆ ಹೇಳಿ? ಸಮುದ್ರ ದಾಟುವ ಕಷ್ಟವೇ ಇಲ್ಲ. ಸಂಜೆ ಹಡಗು ಹತ್ತಿದರೆ ಮರುದಿನ ಬೆಳಿಗ್ಗೆ ಹಿಮನದಿಯ ಮುಂದೆ ಇರುತ್ತೀರಿ. ಅಂದರೆ ನನ್ನ 'ಹೊರಗೆ ಇರುವ ಗಂಟೆ' ಲೆಕ್ಕದಲ್ಲಿ ಮೊದಲ ಬಹುಮಾನ ಇದಕ್ಕೇ.

ಇಲ್ಲಿ ಎರಡು ಬಗೆಯ ದಾರಿ ಮಾರುತ್ತಾರೆ. ಐದಾರು ದಿನದ ವಾಯವ್ಯ ತೀರದ ಸುತ್ತು ಒಂದು, ಒಂಬತ್ತು-ಹತ್ತು ದಿನದಲ್ಲಿ ಇಡೀ ದ್ವೀಪ ಸುತ್ತಿ ಬರುವುದು ಇನ್ನೊಂದು. ದುಡ್ಡು, ರಜೆ ಎರಡೂ ಇದ್ದರೆ ಎರಡನೆಯದು. ಯಾಕೆಂದರೆ ಹಿನ್ಲೋಪೆನ್ ಜಲಸಂಧಿಯಲ್ಲಿ ಆಲ್ಕೆಫ್ಯೆಲೆಟ್ ಅನ್ನುವ ಕಡಿದಾದ ಬಂಡೆ ಇದೆ. ಅಲ್ಲಿ ಸುಮಾರು 60,000 ಜೋಡಿ ಗಿಲೆಮಾಟ್ ಹಕ್ಕಿಗಳು ಗೂಡು ಮಾಡುತ್ತವೆ. ಗೂಡು ಅನ್ನುವುದೂ ತಪ್ಪೇ, ಬರೀ ಕಲ್ಲಿನ ಅಂಚಿನ ಮೇಲೆ ಮೊಟ್ಟೆ. ಝೋಡಿಯಾಕ್‌ನಲ್ಲಿ ಕೆಳಗೆ ಹೋದರೆ ಮೇಲಿಂದ ಪಟಪಟ ಅಂತ ಹಿಕ್ಕೆ ಬೀಳುತ್ತಿರುತ್ತದೆ. ಮೇಲೆ ನೋಡುವಾಗ ಬಾಯಿ ಮುಚ್ಚಿಕೊಂಡಿರಿ. ಅಲ್ಲಿಂದ ಆಚೆ, ಪೂರ್ವಕ್ಕೆ, ಆಸ್ಟ್‌ಫೋನ್ನಾ ಹಿಮಟೋಪಿಯ (ನೆಲವನ್ನೇ ಮುಚ್ಚಿದ ಹಿಮರಾಶಿ) ಅಂಚು ಕಡಲಿಗೆ ಗೋಡೆಯ ಹಾಗೆ ನಿಂತಿದೆ. ಬೇಸಿಗೆಯಲ್ಲಿ ಆ ಗೋಡೆಯಿಂದಲೇ ಜಲಪಾತಗಳು ಧುಮುಕುತ್ತವೆ. ಹಡಗು ಗಂಟೆಗಟ್ಟಲೆ ಸಾಗಿದರೂ ಗೋಡೆ ಮುಗಿಯುವುದಿಲ್ಲ.

ಆದರೆ ವಾಯವ್ಯದ ಸುತ್ತನ್ನೂ ಕಡೆಗಣಿಸಬೇಡಿ. ಲೀಫ್ಡೆಫ್ಯೋರ್ಡ್‌ನ ಮೊನಾಕೊ ಹಿಮನದಿಯ ಮುಂದೆ ನಮ್ಮ ದೋಣಿಯವನು ಇಂಜಿನ್ ಆಫ್ ಮಾಡಿದ. ಸುತ್ತ ತೇಲುವ ಮಂಜಿನ ಚೂರುಗಳಿಂದ ಚಟಪಟ ಚಟಪಟ ಸದ್ದು. ಪಕ್ಕದ ಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಸಿಡಿಯುತ್ತಿದ್ದ ಹಾಗೆ. ಮಂಜು ಕರಗುವಾಗ ಅದರೊಳಗೆ ಎಷ್ಟೋ ವರ್ಷಗಳಿಂದ ಸಿಕ್ಕಿಬಿದ್ದಿದ್ದ ಗಾಳಿಯ ಗುಳ್ಳೆಗಳು ಒಡೆಯುವ ಶಬ್ದ ಅದು. ಹತ್ತೂ ಜನ ಸುಮ್ಮನೆ ಕೂತಿದ್ದೆವು. ಆರು ತಿಂಗಳ ಎಕ್ಸೆಲ್ ಶೀಟ್‌ನಲ್ಲಿ ಇದಕ್ಕೆ ಕಾಲಂ ಇರಲಿಲ್ಲ.

ಕೆಲವು ಹಡಗುಗಳು ನ್ಯೂ-ಓಲೆಸುಂಡ್ ಅನ್ನುವ ಸಂಶೋಧಕರ ಊರಲ್ಲಿ ನಿಲ್ಲುತ್ತವೆ. 1926ರಲ್ಲಿ ನಾರ್ವೆಯ ಧ್ರುವಾನ್ವೇಷಕ ಅಮುಂಡ್ಸೆನ್ ತಂಡದ 'ನಾರ್ಗೆ' ವಾಯುನೌಕೆ ಉತ್ತರ ಧ್ರುವದ ಕಡೆ ಹೊರಟಿದ್ದು ಇಲ್ಲಿಂದ, ಅದನ್ನು ಕಟ್ಟಿದ್ದ ಕಂಬ ಇನ್ನೂ ನಿಂತಿದೆ. ನಮಗೆ ಅದಕ್ಕಿಂತ ಹತ್ತಿರದ್ದು 'ಹಿಮಾದ್ರಿ', 2008ರಲ್ಲಿ ಶುರುವಾದ ಭಾರತದ ಸಂಶೋಧನಾ ಕೇಂದ್ರ. 2023ರ ಡಿಸೆಂಬರ್‌ನಲ್ಲಿ ಹೊರಟ ಮೊದಲ ಚಳಿಗಾಲದ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಒಳಗೆ ಬಿಡುವುದಿಲ್ಲ, ರಸ್ತೆಯಿಂದಲೇ ನೋಡಬೇಕು. ಅಲ್ಲಿನ ರೇಡಿಯೊ ಉಪಕರಣಗಳಿಗೆ ತೊಂದರೆಯಾಗುತ್ತದೆ ಅಂತ ಫೋನಿನ ವೈಫೈ, ಬ್ಲೂಟೂತ್ ಎಲ್ಲ ಬಂದ್ ಮಾಡಿಸುತ್ತಾರೆ.

ಇನ್ನು ಕರಡಿ. ಅದೇ 2025ರ ನಿಯಮದಂತೆ ಕರಡಿಯಿಂದ ಕನಿಷ್ಠ 300 ಮೀಟರ್ ದೂರ ಇರಬೇಕು, ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್. ಹಳೆಯ ಫೋಟೋಗಳಲ್ಲಿರುವಂತೆ ಹಡಗಿನ ಕೆಳಗೇ ಕರಡಿ ನಿಂತು ಮೇಲೆ ನೋಡುವ ದೃಶ್ಯ ಇನ್ನು ಸಿಗದು. ಅದನ್ನು ಈಗಲೂ ತೋರಿಸಿ ಟಿಕೆಟ್ ಮಾರುವವರ ಬಗ್ಗೆ ಸ್ವಲ್ಪ ಅನುಮಾನವಿರಲಿ. ನಮಗೆ ಎರಡು ಸಲ ಕಂಡಿತು. ಮೊದಲನೆಯದನ್ನು ಕಂಡುಹಿಡಿದದ್ದು ನನ್ನ ಹೆಂಡತಿ. "ರೀ, ಅಲ್ಲಿ ಒಂದು ಕಲ್ಲು ಮಾತ್ರ ತುಪ್ಪದ ಬಣ್ಣ ಇದೆ ನೋಡಿ" ಅಂದಳು. ಹಿಮ ಬಿಳಿ, ಕರಡಿ ಹಳದಿ. ಗೈಡ್‌ಗಳು ಹುಡುಕುವುದೂ ಹೀಗೇ. ಬೈನಾಕ್ಯುಲರ್ ಇಲ್ಲದಿದ್ದರೆ ಅದು ಕೊನೆಯವರೆಗೂ ಕಲ್ಲೇ. ಮನೆಗೆ ಒಂದರಂತೆ ಸಾಲದು, ಒಬ್ಬೊಬ್ಬರಿಗೆ ಒಂದೊಂದು ಬೈನಾಕ್ಯುಲರ್ ಇರಲಿ. ಇದು ಅನುಭವದ ಮಾತು.

ಎರಡನೆಯ ಆಯ್ಕೆ ಪೂರ್ವ ಗ್ರೀನ್‌ಲ್ಯಾಂಡ್, ಅದರಲ್ಲೂ ಸ್ಕೋರ್ಸ್‌ಬಿ ಸುಂಡ್. ಜಗತ್ತಿನ ಅತಿ ದೊಡ್ಡ ಫ್ಯೋರ್ಡ್ (ಬೆಟ್ಟಗಳ ನಡುವೆ ಒಳಚಾಚಿದ ಕಡಲ ಸೀಳು) ಜಾಲ, ಒಳಕ್ಕೆ ಸುಮಾರು 350 ಕಿ.ಮೀ. ಚಾಚಿಕೊಂಡಿದೆ. ಇಲ್ಲಿ ಹೀರೋ ಪ್ರಾಣಿಯಲ್ಲ, ಮಂಜಿನ ಬೆಟ್ಟಗಳು. ರೋಡೆ ಓ ಅನ್ನುವ ಕೆಂಪು ಕಲ್ಲಿನ ದ್ವೀಪದ ಹಿಂದೆ ಸಿಕ್ಕಿಕೊಂಡ ನೀಲಿ ಮಂಜಿನ ಬೆಟ್ಟಗಳ ಫೋಟೋ ನೀವೂ ನೋಡಿರುತ್ತೀರಿ. ಕಸ್ತೂರಿ ಎತ್ತುಗಳು ಸಿಗುತ್ತವೆ, ಕರಡಿಯ ಅವಕಾಶ ಸ್ವಾಲ್ಬಾರ್ಡ್‌ಗಿಂತ ಕಡಿಮೆ. ಇಟ್ಟೊಕ್ಕೊರ್ಟೂರ್ಮಿಟ್ ಅಂತ ನಾಲ್ಕು ನೂರಕ್ಕಿಂತ ಕಡಿಮೆ ಜನರ ಊರಿದೆ, ಅಲ್ಲಿನ ಇನುಯಿಟ್ ಜನ ಇವತ್ತಿಗೂ ಬೇಟೆಯಾಡಿ ಬದುಕುತ್ತಾರೆ. ಸ್ವಾಲ್ಬಾರ್ಡ್‌ನಲ್ಲಿ ಮೂಲನಿವಾಸಿಗಳೇ ಇಲ್ಲ. ಜನರ ಬದುಕು ನೋಡಬೇಕು ಅನ್ನುವವರಿಗೆ ಗ್ರೀನ್‌ಲ್ಯಾಂಡೇ ಸರಿ. ತೊಂದರೆ ಒಂದೇ: ಐಸ್‌ಲ್ಯಾಂಡ್‌ನಿಂದ ಹೊರಟರೆ ಡೆನ್ಮಾರ್ಕ್ ಜಲಸಂಧಿ ದಾಟಬೇಕು. ತೆರೆದ ಕಡಲು, ಹೋಗುತ್ತಾ ಬರುತ್ತಾ ಎರಡು-ಮೂರು ದಿನ ಹೊಟ್ಟೆಯೊಳಗಿನದೆಲ್ಲ ಕುಣಿಯುತ್ತದೆ, ದಡ ಇಲ್ಲ. ಕೆಲವು ಕಂಪನಿಗಳು ಕಾನ್‌ಸ್ಟೇಬಲ್ ಪಾಯಿಂಟ್‌ಗೆ ವಿಮಾನದಲ್ಲೇ ಕರೆದೊಯ್ದು ಅಲ್ಲಿ ಹಡಗು ಹತ್ತಿಸುತ್ತವೆ. ಸ್ವಲ್ಪ ದುಬಾರಿಯಾದರೂ ನನ್ನ ಲೆಕ್ಕದಲ್ಲಿ ಅದೇ ಲಾಭ.

ಪಶ್ಚಿಮ ಗ್ರೀನ್‌ಲ್ಯಾಂಡ್‌ನ ಇಲುಲಿಸ್ಸಾಟ್ 2004ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ನಿಜ ಹೇಳಬೇಕೆಂದರೆ ಅದಕ್ಕೆ ಹಡಗು ಬೇಕಾಗಿಲ್ಲ. ಊರಲ್ಲಿ ಹೋಟೆಲ್ ಇದೆ, ಮರದ ಹಲಗೆಯ ದಾರಿಯಲ್ಲಿ ನಡೆದೇ ಹಿಮಫ್ಯೋರ್ಡ್ ನೋಡಬಹುದು, ಮೀನುಗಾರರ ದೋಣಿಯಂಥ ಸಣ್ಣ ದೋಣಿಯಲ್ಲಿ ಸುತ್ತಬಹುದು.

ವಾಯವ್ಯ ಮಾರ್ಗ, ಅಂದರೆ ಕೆನಡಾದ ದ್ವೀಪಗಳ ನಡುವಿನ ದಾರಿ, ಇತಿಹಾಸದ ಹುಚ್ಚಿರುವವರಿಗೆ. ಈ ದಾರಿ ಹುಡುಕಲು 1845ರಲ್ಲಿ ಹೊರಟ ಬ್ರಿಟನ್ನಿನ ಫ್ರಾಂಕ್ಲಿನ್ ತಂಡದ 129 ಜನರಲ್ಲಿ ಒಬ್ಬರೂ ಹಿಂದಿರುಗಲಿಲ್ಲ. ಬೀಚಿ ದ್ವೀಪದಲ್ಲಿ ಅವರಲ್ಲಿ ಮೂವರ ಸಮಾಧಿ ಇದೆ. ಮುಳುಗಿದ ಹಡಗುಗಳು ಸಿಕ್ಕಿದ್ದು 2014 ಮತ್ತು 2016ರಲ್ಲಿ. ಆದರೆ ಎರಡು ವಾರಕ್ಕೂ ಹೆಚ್ಚು ದಿನ, ದೂರ ಬಹಳ, ಹಡಗಿನಲ್ಲೇ ಕೂರುವ ದಿನಗಳೂ ಬಹಳ. ಮಂಜುಗಡ್ಡೆ ದಾರಿ ಕೊಡದಿದ್ದರೆ ಅರ್ಧಕ್ಕೇ ತಿರುಗಬೇಕು. ದರವೂ ಸ್ವಾಲ್ಬಾರ್ಡ್‌ನ ಎರಡು-ಮೂರು ಪಟ್ಟು. ಮಂಜುಗಡ್ಡೆ ಒಡೆಯುತ್ತಾ ಉತ್ತರ ಧ್ರುವಕ್ಕೆ ಹೋಗುವ ಐಸ್‌ಬ್ರೇಕರ್ ಬಗ್ಗೆ ಕೇಳಬೇಡಿ, ಆ ದುಡ್ಡಿಗೆ ನಮ್ಮ ಕಡೆ ಸೈಟು ಬರುತ್ತದೆ.

ಹಡಗೇ ಬೇಡ ಅಂದರೆ?

ಇದನ್ನು ಟ್ರಾವೆಲ್ ಏಜೆಂಟ್ ಹೇಳುವುದಿಲ್ಲ, ನಾನು ಹೇಳುತ್ತೇನೆ. ಲಾಂಗ್‌ಯೀರ್‌ಬ್ಯೂನ್‌ನಲ್ಲೇ ನಾಲ್ಕು ದಿನ ರೂಮ್ ಮಾಡಿ, ದಿನದ ದೋಣಿಗಳಲ್ಲಿ ಓಡಾಡಬಹುದು. 1998ರಲ್ಲಿ ಗಣಿ ಮುಚ್ಚಿದ ಸೋವಿಯತ್ ಊರು ಪಿರಮಿಡೆನ್‌ಗೆ ಹೋಗಿ, ಎದುರಿನ ನೂರ್ಡೆನ್‌ಷೋಲ್ಡ್ ಹಿಮನದಿ ನೋಡಿ ಸಂಜೆಗೆ ವಾಪಸ್. ಖಾಲಿ ಊರಿನ ನಡುವೆ ಲೆನಿನ್ ಇನ್ನೂ ಹಿಮನದಿಯ ಕಡೆ ನೋಡುತ್ತಾ ನಿಂತಿದ್ದಾನೆ. ಕರಡಿ ಕಾಣುವ ಅವಕಾಶ ತೀರಾ ಕಡಿಮೆ, ಆದರೆ ಖರ್ಚು ಕಾಲು ಭಾಗಕ್ಕೆ ಇಳಿಯುತ್ತದೆ. ನಾರ್ವೆಯ ಕರಾವಳಿಯಲ್ಲಿ 1893ರಲ್ಲಿ ಶುರುವಾಗಿ ಈಗ ಬೆರ್ಗೆನ್‌ನಿಂದ ಕಿರ್ಕೆನೆಸ್‌ವರೆಗೆ ಓಡುವ ಹುರ್ಟಿಗ್ರೂಟೆನ್ ಹಡಗೂ ಇದೆ. ಅದು ಊರಿಂದೂರಿಗೆ ಜನ, ಸಾಮಾನು ಸಾಗಿಸುವ ಹಡಗು. ಚೆಂದದ ಪ್ರಯಾಣ, ಆದರೆ ಇಲ್ಲಿ ಹೇಳುತ್ತಿರುವ ಜಾತಿಯದಲ್ಲ.

ಯಾವ ತಿಂಗಳು?

ಸ್ವಾಲ್ಬಾರ್ಡ್‌ನಲ್ಲಿ ಮೇ ಕೊನೆ, ಜೂನ್ ಅಂದರೆ ನೆಲದ ಮೇಲೆ ಇನ್ನೂ ಹಿಮ, ಫ್ಯೋರ್ಡ್‌ಗಳಲ್ಲಿ ಮಂಜುಗಡ್ಡೆಯ ಹಾಸು. ನೋಡಲು ಅತಿ ಚೆಂದ. ಆದರೆ ಇಡೀ ದ್ವೀಪ ಸುತ್ತುವ ದಾರಿ ತೆರೆದಿರುವುದು ಅನುಮಾನ, ಕರಡಿಗೆ 500 ಮೀಟರ್ ನಿಯಮವೂ ಆಗಲೇ. ಜುಲೈ ಎಲ್ಲಕ್ಕೂ ಹದ. ಹಕ್ಕಿಗಳಿರುತ್ತವೆ, ಬೆರಳುದ್ದದ ಹೂಗಳು ಅರಳಿರುತ್ತವೆ, ದಾರಿ ತೆರೆಯುತ್ತಿರುತ್ತದೆ. ಉಷ್ಣಾಂಶ ಐದಾರು ಡಿಗ್ರಿ, ಗಾಳಿ ಬೀಸಿದರೆ ಮಾತ್ರ ಮೂಗು ಇದೆಯೋ ಇಲ್ಲವೋ ಅನ್ನಿಸುತ್ತದೆ. ಆಗಸ್ಟ್ ಮಧ್ಯದ ಹೊತ್ತಿಗೆ ಆ 60,000 ಜೋಡಿಯ ಬಂಡೆ ಹೆಚ್ಚುಕಡಿಮೆ ಖಾಲಿ. ಮರಿಗಳು ಹಾರಲು ಬರುವ ಮೊದಲೇ ಕಡಲಿಗೆ ಜಿಗಿದುಬಿಟ್ಟಿರುತ್ತವೆ. ಹಕ್ಕಿಗಾಗಿ ಹೋಗುವವರು ಇದನ್ನು ಗಮನಿಸಿ.

ಜುಲೈನಲ್ಲಿ ಸೂರ್ಯ ಮುಳುಗುವುದಿಲ್ಲ. ಹಾಗಾಗಿ 'ಬೇಸಿಗೆಯಲ್ಲಿ ನಾರ್ದರ್ನ್ ಲೈಟ್ಸ್' (ರಾತ್ರಿ ಆಕಾಶದ ಬಣ್ಣದ ಬೆಳಕು) ಅನ್ನುವ ಆಸೆ ಬಿಡಿ. ಅದು ಬೇಕಿದ್ದರೆ ಸೆಪ್ಟೆಂಬರ್‌ನ ಸ್ಕೋರ್ಸ್‌ಬಿ ಸುಂಡ್. ಆಗ ಅಲ್ಲಿ ಟಂಡ್ರಾ ಕೆಂಪಾಗಿರುತ್ತದೆ, ರಾತ್ರಿ ಕತ್ತಲಿರುತ್ತದೆ.

ಹೊಟ್ಟೆ, ಹಾಸಿಗೆ, ಬ್ಯಾಗು

ಸಸ್ಯಾಹಾರದ ಚಿಂತೆ ಬೇಡ, ಬುಕ್ ಮಾಡುವಾಗಲೇ ಬರೆದು ತಿಳಿಸಿದರೆ ಸಿಗುತ್ತದೆ. ಆದರೆ ನಾಲ್ಕನೇ ದಿನಕ್ಕೆ ಬೇಯಿಸಿದ ಬ್ರೊಕೊಲಿ ಕಂಡರೆ ಕಣ್ಣಲ್ಲಿ ನೀರು ಬರುತ್ತದೆ. ನಾವು ಒಯ್ದಿದ್ದ ಚಟ್ನಿಪುಡಿ ಡಬ್ಬಿ ಊಟದ ಮೇಜಿನ ಮೇಲೆ ಮೂರು ದೇಶದವರ ಕೈ ದಾಟಿ ಖಾಲಿಯಾಗಿ ಬಂತು.

ಕ್ಯಾಬಿನ್ ಆರಿಸುವಾಗ ಕೆಳಗಿನ ಅಂತಸ್ತು, ಹಡಗಿನ ಮಧ್ಯಭಾಗ ತಗೊಳ್ಳಿ. ಓಲಾಟ ಅಲ್ಲಿ ಕಡಿಮೆ, ದರವೂ ಕಡಿಮೆ. ಬಾಲ್ಕನಿಗೆ ಕೊಡುವ ದುಡ್ಡಲ್ಲಿ ಒಳ್ಳೆಯ ಬೈನಾಕ್ಯುಲರ್ ಬರುತ್ತದೆ. ವಾಂತಿ ತಡೆಯುವ ಮಾತ್ರೆಯನ್ನು ಅಲೆ ಶುರುವಾಗುವ ಮೊದಲೇ ನುಂಗಬೇಕು, ಶುರುವಾದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ. ಯಾವ ಮಾತ್ರೆ ಅಂತ ನಿಮ್ಮ ಡಾಕ್ಟರನ್ನೇ ಕೇಳಿ.

ಹಡಗು ಹೊರಡುವ ಹಿಂದಿನ ದಿನವೇ ಊರು ಸೇರಿ. ನಮ್ಮ ಒಂದು ಬ್ಯಾಗನ್ನು ವಿಮಾನದವರು ಓಸ್ಲೋದಲ್ಲೇ ಬಿಟ್ಟಿದ್ದರು. ಮರುದಿನ ಮಧ್ಯಾಹ್ನ ಬಂತು, ಹಡಗು ಸಂಜೆ ಹೊರಟಿತು. ಅದೇ ದಿನ ಬಂದಿಳಿದಿದ್ದರೆ ಹತ್ತು ದಿನ ಹೆಂಡತಿಯ ಥರ್ಮಲ್ ಪ್ಯಾಂಟೇ ಗತಿ.

ದುಡ್ಡು ಮತ್ತು ಕಾಗದ

ನಾನು ನೋಡಿದ ದರಗಳಲ್ಲಿ ಸ್ವಾಲ್ಬಾರ್ಡ್‌ನ ಎಂಟು-ಹತ್ತು ದಿನಕ್ಕೆ ಮೂರು-ನಾಲ್ಕು ಜನ ಹಂಚಿಕೊಳ್ಳುವ ಕ್ಯಾಬಿನ್ ಒಬ್ಬರಿಗೆ ಐದು ಲಕ್ಷ ರೂಪಾಯಿಯ ಆಸುಪಾಸಿನಿಂದ ಶುರು. ವಿಮಾನದ ಖರ್ಚು ಬೇರೆ. ಇಬ್ಬರ ಕ್ಯಾಬಿನ್‌ಗೆ ಇನ್ನೂ ಜಾಸ್ತಿ. ಒಬ್ಬರೇ ಹೋದರೆ ಖಾಲಿ ಹಾಸಿಗೆಗೂ ದುಡ್ಡು ಕೇಳುತ್ತಾರೆ. ಅಪರಿಚಿತರ ಜೊತೆ ಕ್ಯಾಬಿನ್ ಹಂಚಿಕೊಳ್ಳಲು ಒಪ್ಪಿದರೆ ಉಳಿತಾಯ. ಇಲ್ಲಿನ ಏಜೆಂಟ್ ಮೂಲಕ ಬುಕ್ ಮಾಡಿದರೆ ಟಿಸಿಎಸ್ (ಮುಂಗಡ ತೆರಿಗೆ) ಹಿಡಿಯುತ್ತಾರೆ, ಐಟಿ ರಿಟರ್ನ್ಸ್‌ನಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು.

ವಿಮೆಯಲ್ಲಿ ಕಂಜೂಸ್ತನ ಬೇಡ. ತುರ್ತಾಗಿ ಹೆಲಿಕಾಪ್ಟರ್‌ನಲ್ಲಿ ಸಾಗಿಸುವ ಖರ್ಚು ಅದರಲ್ಲಿ ಇರಲೇಬೇಕು. 2023ರ ಸೆಪ್ಟೆಂಬರ್‌ನಲ್ಲಿ ಈಶಾನ್ಯ ಗ್ರೀನ್‌ಲ್ಯಾಂಡ್‌ನ ಆಲ್ಪೆಫ್ಯೋರ್ಡ್‌ನಲ್ಲಿ 206 ಜನರಿದ್ದ ಹಡಗೊಂದು ನೆಲಕ್ಕೆ ಕಚ್ಚಿಕೊಂಡಿತ್ತು. ಮೂರು ದಿನದ ಮೇಲೆ ಮೀನುಗಾರಿಕೆ ಸಂಶೋಧನೆಯ ಹಡಗೊಂದು ಬಂದು ಎಳೆದು ಬಿಡಿಸಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಸಹಾಯ ಎಷ್ಟು ದೂರದಲ್ಲಿರುತ್ತದೆ ಅನ್ನುವುದಕ್ಕೆ ಅಷ್ಟು ಸಾಕು.

ಕೊನೆಗೆ ವೀಸಾ. ನಮ್ಮವರು ಹೆಚ್ಚು ಎಡವುವುದು ಇಲ್ಲೇ. ಸ್ವಾಲ್ಬಾರ್ಡ್‌ಗೆ ವೀಸಾ ಬೇಡ, ಆದರೆ ಅದು ಶೆಂಗೆನ್‌ನ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಸಲ್ಲುವ ವಲಯ) ಹೊರಗಿದೆ. ಓಸ್ಲೋ ಅಥವಾ ಟ್ರೊಮ್ಸೊದಿಂದ ಅಲ್ಲಿಗೆ ಹೊರಟಾಗ ಶೆಂಗೆನ್ ಬಿಟ್ಟ ಹಾಗೆ, ವಾಪಸ್ ಬಂದಾಗ ಮತ್ತೆ ಪ್ರವೇಶ. ಹಾಗಾಗಿ ಎರಡು ಸಲ ಪ್ರವೇಶಿಸುವ ವೀಸಾ ಇರಲೇಬೇಕು. ಒಂದೇ ಪ್ರವೇಶದ್ದಿದ್ದರೆ ಹಿಂದಿರುಗುವಾಗ ಸಿಕ್ಕಿಬೀಳುತ್ತೀರಿ. ಗ್ರೀನ್‌ಲ್ಯಾಂಡ್ ಕೂಡ ಶೆಂಗೆನ್ ಅಲ್ಲ. ಅಲ್ಲಿಗೆ ಡೆನ್ಮಾರ್ಕ್ ಕೊಡುವ ವೀಸಾದ ಮೇಲೆ ಗ್ರೀನ್‌ಲ್ಯಾಂಡ್‌ಗೂ ಸಲ್ಲುತ್ತದೆ ಅಂತ ಬರೆದಿರಬೇಕು, ಅದನ್ನು ಅರ್ಜಿ ಹಾಕುವಾಗಲೇ ಕೇಳಿಕೊಳ್ಳಬೇಕು. ಐಸ್‌ಲ್ಯಾಂಡ್‌ನಿಂದ ಹೊರಟು ಅಲ್ಲಿಗೇ ವಾಪಸಾಗುವ ಹಡಗಾದರೆ ಇಲ್ಲೂ ಎರಡು ಪ್ರವೇಶದ ಲೆಕ್ಕವೇ. ಮುಂದಿನ ಸಲ ಸೆಪ್ಟೆಂಬರ್‌ಗೆ ಸ್ಕೋರ್ಸ್‌ಬಿ ಸುಂಡ್ ಅಂತ ಮನೆಯಲ್ಲಿ ತೀರ್ಮಾನವಾಗಿದೆ. ಎಕ್ಸೆಲ್ ಶೀಟ್ ಈ ಸಲ ನನ್ನ ಹೆಂಡತಿಯ ಕೈಲಿದೆ. ಅದರಲ್ಲಿ ಕಾಲಂ ಮೂರೇ: ಎಷ್ಟು ಜನ, ದಿನಕ್ಕೆ ಎಷ್ಟು ಸಲ ಇಳಿಸುತ್ತಾರೆ, ನಡಿಗೆಗೆ ಎಷ್ಟು ಗುಂಪು.